ಗೇಣಿ, ಕೂಲಿ, ಲಾಭ: ಮಲೆನಾಡಿನ ಧನವಿಭಾಗವನ್ನು ಕುರಿತ ಉಪನ್ಯಾಸ



ಧನವನ್ನು ಕುರಿತು ಶಾಸ್ತ್ರವಿಚಾರ ಮಾಡುವವರಿಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಧನವು ಹೇಗೆ ಹುಟ್ಟುತ್ತದೆ ಎಂಬುದು ಮೊದಲನೆಯದು. ಹುಟ್ಟಿದ ಧನವು ಯಾರ ಯಾರ ಕೈಗೆ, ಯಾವ ಪ್ರಮಾಣದಲ್ಲಿ, ಯಾವ ನ್ಯಾಯದಿಂದ ಸೇರುತ್ತದೆ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಯನ್ನು ಕೇಳಿದವರಿಗೆ ಎಲ್ಲ ಕಾಲದಲ್ಲಿಯೂ ಮನ್ನಣೆಯುಂಟು. ಎರಡನೆಯದನ್ನು ಕೇಳಿದವರನ್ನು ಜಗಳಗಂಟರೆಂದು ಜನರು ಎಣಿಸುವುದು ವಾಡಿಕೆ. ಆದರೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹಬ್ಬದ ಮುಂಚಿನ ಒಂದು ಸಂಜೆ ನಿಂತು ನೋಡಿದವನಿಗೆ ಎರಡನೆಯ ಪ್ರಶ್ನೆಯು ತಾನಾಗಿಯೇ ಹೊಳೆಯುವುದು. ತೋಟದ ಒಡೆಯನು ಚಿನಿವಾರನ ಅಂಗಡಿಯ ಮೆಟ್ಟಿಲನ್ನು ಹತ್ತುತ್ತಾನೆ. ಮಂಡಿಯ ವ್ಯಾಪಾರಿಯು ಜವಳಿಯ ಅಂಗಡಿಯಲ್ಲಿ ಕುಳಿತಿರುತ್ತಾನೆ. ಅಡಿಕೆ ಸುಲಿಯುವ ಹೆಂಗಸು ಅದೇ ಬೀದಿಯ ದಿನಸಿಯ ಅಂಗಡಿಯ ಮುಂದೆ ಬೆಲ್ಲದ ದರವನ್ನು ಎರಡು ಸಾರಿ ವಿಚಾರಿಸಿ ಅರ್ಧ ಕಿಲೋವನ್ನು ಮಾತ್ರ ಕೊಳ್ಳುತ್ತಾಳೆ. ಈ ಮೂವರ ಸೆರಗಿನ ಹಣವೂ ಬಹುಮಟ್ಟಿಗೆ ಒಂದೇ ಫಲದಿಂದ, ಅಂದರೆ ಘಟ್ಟದ ಕಣಿವೆಗಳಲ್ಲಿ ಬೆಳೆದ ಅಡಿಕೆಯಿಂದ, ಬಂದುದಾಗಿದೆ. ಒಂದು ಫಲವು ಮೂರು ಪಾಲಾದ ಬಗೆಯನ್ನು ತಿಳಿಯುವುದೇ ಈ ಉಪನ್ಯಾಸದ ವಿಷಯ.

ಪಶ್ಚಿಮ ದೇಶದಲ್ಲಿ ಈ ವಿಚಾರವನ್ನು ಕ್ರಮಬದ್ಧವಾದ ಶಾಸ್ತ್ರವಾಗಿ ಕಟ್ಟಿದವರನ್ನು ಅಭಿಜಾತ ಅರ್ಥಶಾಸ್ತ್ರಜ್ಞರೆಂದು ಕರೆಯುವರು. ಅವರಲ್ಲಿ ಮೊದಲಿಗನು ಸ್ಕಾಟ್ಲೆಂಡಿನ ಆಡಂ ಸ್ಮಿತ್ ಎಂಬ ಪಂಡಿತನು. ಇವನ ಮಹಾಗ್ರಂಥವು 1776ರಲ್ಲಿ ಪ್ರಕಟವಾಯಿತು. ಭೂಮಿಯ ಒಡೆಯನಿಗೆ ಗೇಣಿ, ದುಡಿಯುವವನಿಗೆ ಕೂಲಿ, ಬಂಡವಾಳ ಹೂಡಿದವನಿಗೆ ಲಾಭ ಎಂದು ಒಂದು ನಾಡಿನ ವರಮಾನವು ಮೂರು ಹೊಳೆಗಳಾಗಿ ಹರಿಯುವುದನ್ನು ಅವನು ವಿವರಿಸಿದನು. ಧಣಿಗಳು ಕೂಲಿಯನ್ನು ಏರಿಸದಂತೆ ತಮ್ಮತಮ್ಮಲ್ಲಿ ಮಾಡಿಕೊಳ್ಳುವ ಒಪ್ಪಂದವು ಸದ್ದಿಲ್ಲದುದರಿಂದ ಯಾರ ಗಮನಕ್ಕೂ ಬಾರದು, ಆಳುಗಳು ಒಂದುಗೂಡಿದರೆ ಮಾತ್ರ ಊರೆಲ್ಲ ಗದ್ದಲವಾಗುವುದು ಎಂಬುದನ್ನು ಅವನು ಆಗಲೇ ಗಮನಿಸಿದ್ದನು. ಈ ಮಾತಿಗೆ ಸಾಕ್ಷಿಯನ್ನು ಹುಡುಕಲು ಸ್ಕಾಟ್ಲೆಂಡಿಗೆ ಹೋಗಬೇಕಾಗಿಲ್ಲ. ಅಡಿಕೆಯ ಕೊಯ್ಲಿಗೆ ಮುಂಚೆ ಊರಿನ ನಾಲ್ಕು ಮಂದಿ ತೋಟದವರು ಒಂದು ಜಗಲಿಯಲ್ಲಿ ಸೇರಿ ಆ ವರ್ಷದ ಕೂಲಿಯ ಮಾತನ್ನು ಆಡಿ ಎದ್ದರೆ ಅದನ್ನು ಯಾರೂ ಸಂಘವೆಂದು ಕರೆಯುವುದಿಲ್ಲ.

ಸ್ಮಿತ್ತನು ತೆರೆದ ದಾರಿಯನ್ನು ಹಿಡಿದು, ಧನದ ವಿಭಾಗವನ್ನೇ ಈ ಶಾಸ್ತ್ರದ ಮುಖ್ಯ ಪ್ರಮೇಯವೆಂದು ಸಾರಿದವನು ಡೇವಿಡ್ ರಿಕಾರ್ಡೊ. ಇವನು ಯಾವ ವಿದ್ಯಾಪೀಠದಲ್ಲಿಯೂ ಓದಿದವನಲ್ಲ. ಲಂಡನ್ನಿನ ಹುಂಡಿ ಮತ್ತು ಸಾಲಪತ್ರಗಳ ಪೇಟೆಯಲ್ಲಿ ಹಣವನ್ನು ಗಳಿಸಿದ ವ್ಯಾಪಾರಿ. ಇವನ ಗ್ರಂಥವು 1817ರಲ್ಲಿ ಹೊರಬಂದಿತು. ಗೇಣಿಯನ್ನು ಕುರಿತು ಇವನು ಹೇಳಿದ ಸಿದ್ಧಾಂತವು ಸ್ವಲ್ಪ ಸೂಕ್ಷ್ಮವಾದುದು. ಆದುದರಿಂದ ಮಲೆನಾಡಿನ ಗದ್ದೆಗಳನ್ನೇ ದೃಷ್ಟಾಂತವಾಗಿ ಇಟ್ಟುಕೊಂಡು ನೋಡುವುದು ಲೇಸು.

ಒಂದು ಊರಿನಲ್ಲಿ ಸಮಾನ ವಿಸ್ತಾರದ ಮೂರು ಗದ್ದೆಗಳಿವೆಯೆಂದು ಎಣಿಸಬೇಕು. ಒಂದೇ ಪ್ರಮಾಣದ ದುಡಿಮೆಯನ್ನು ಹಾಕಿದರೆ ಹೊಳೆಯ ದಡದ ಮೊದಲನೆಯ ಗದ್ದೆಯು 10 ಖಂಡಗ ಭತ್ತವನ್ನೂ, ಮೇಲಿನದು 8 ಖಂಡಗವನ್ನೂ, ಗುಡ್ಡದಂಚಿನದು 6 ಖಂಡಗವನ್ನೂ ಕೊಡುತ್ತವೆ. ಪ್ರತಿಯೊಂದು ಗದ್ದೆಯ ಆಳುಗಳ ಹೊಟ್ಟೆಗೆ 5 ಖಂಡಗ ಬೇಕು. ಊರಿನಲ್ಲಿ ಜನ ಕಡಿಮೆಯಾಗಿ ಮೊದಲನೆಯ ಗದ್ದೆಯೊಂದೇ ಸಾಕಾಗಿದ್ದಾಗ ಅದಕ್ಕೆ ಗೇಣಿಯನ್ನು ಕೊಡುವವರು ಯಾರೂ ಇಲ್ಲ; ಅಂಥದೇ ಭೂಮಿ ಬೇಕಾದಷ್ಟು ಬಿದ್ದಿರುತ್ತದೆ. 5 ಖಂಡಗ ಕೂಲಿ, 5 ಖಂಡಗ ಬೇಸಾಯದ ಬಂಡವಾಳ ಹೂಡಿದವನ ಲಾಭ. ಜನ ಹೆಚ್ಚಿ ಎರಡನೆಯ ಗದ್ದೆಗೆ ಏರು ಹೂಡಬೇಕಾಗಿ ಬಂದಾಗ ಅಲ್ಲಿಯ ಲಾಭವು 3 ಖಂಡಗ. ಆಗ ಮೊದಲನೆಯ ಗದ್ದೆಯನ್ನು ಮಾಡುವವನು ತಾನೂ 3 ಖಂಡಗ ಲಾಭಕ್ಕೆ ಒಪ್ಪಿ ಉಳಿದ 2 ಖಂಡಗವನ್ನು ಒಡೆಯನಿಗೆ ಕೊಡಲು ಸಿದ್ಧನಾಗುವನು. ಇಲ್ಲದಿದ್ದರೆ ಮತ್ತೊಬ್ಬನು ಕೊಡುವನು. ಇದೇ ಗೇಣಿಯ ಹುಟ್ಟು. ಮೂರನೆಯ ಗದ್ದೆಗೂ ಇಳಿಯಬೇಕಾದಾಗ ಲಾಭವು 1 ಖಂಡಗಕ್ಕೆ ಕುಗ್ಗುತ್ತದೆ, ಮೊದಲನೆಯ ಗದ್ದೆಯ ಗೇಣಿ 4ಕ್ಕೂ ಎರಡನೆಯದರ ಗೇಣಿ 2ಕ್ಕೂ ಏರುತ್ತವೆ. ಒಟ್ಟು 24 ಖಂಡಗದಲ್ಲಿ 15 ಕೂಲಿ, 6 ಗೇಣಿ, 3 ಲಾಭ. ಒಡೆಯನು ಒಂದು ಹಾರೆಯನ್ನೂ ಎತ್ತಲಿಲ್ಲ, ಒಂದು ಬದುವನ್ನೂ ಹಾಕಿಸಲಿಲ್ಲ. ಊರಿನಲ್ಲಿ ಮಕ್ಕಳು ಹುಟ್ಟಿದುದೇ ಅವನ ಸಂಪಾದನೆಗೆ ಕಾರಣವಾಯಿತು. ದುಡಿಯುವವನ ಕೂಲಿಯಾದರೋ ಮೊದಲಿದ್ದಷ್ಟೇ.

ಈ ಸಿದ್ಧಾಂತದಿಂದ ಹೊರಡುವ ಒಂದು ಮಾತನ್ನು ವಿಶೇಷವಾಗಿ ಗಮನಿಸತಕ್ಕದ್ದು. ಗೇಣಿ ಹೆಚ್ಚಾದುದರಿಂದ ಧಾನ್ಯದ ಬೆಲೆ ಏರುವುದಿಲ್ಲ. ಬೆಲೆ ಏರಿದುದರಿಂದ ಗೇಣಿ ಹೆಚ್ಚುತ್ತದೆ. 1815ರಲ್ಲಿ ಇಂಗ್ಲೆಂಡಿನ ಜಮೀನ್ದಾರರು ಹೊರನಾಡಿನ ಧಾನ್ಯವು ಅಗ್ಗವಾಗಿ ಬಾರದಂತೆ ಕಾನೂನನ್ನು ಮಾಡಿಸಿಕೊಂಡಾಗ ರಿಕಾರ್ಡೊ ಅದನ್ನು ಎದುರಿಸಿದನು. ಅವನ ಸ್ನೇಹಿತನಾದ ಮಾಲ್ತಸ್ ಎಂಬ ಪಾದ್ರಿಯು ಅದೇ ಕಾನೂನನ್ನು ಸಮರ್ಥಿಸಿದನು. ಇಲ್ಲಿ ಒಂದು ವಿನೋದವುಂಟು. ರಿಕಾರ್ಡೊ ಆ ಹೊತ್ತಿಗೆ ದೊಡ್ಡ ಜಮೀನನ್ನು ಕೊಂಡು ತಾನೇ ಒಡೆಯನಾಗಿದ್ದನು. ಮಾಲ್ತಸನಿಗೆ ಹೇಳಿಕೊಳ್ಳುವಂಥ ಜಮೀನು ಇರಲಿಲ್ಲ. ಜಮೀನುಳ್ಳವನು ಜಮೀನ್ದಾರರಿಗೆ ಪ್ರತಿಕೂಲವಾದ ಶಾಸ್ತ್ರವನ್ನೂ, ಇಲ್ಲದವನು ಅನುಕೂಲವಾದ ಶಾಸ್ತ್ರವನ್ನೂ ಬರೆದರು. ಸ್ವಾರ್ಥವನ್ನು ಬದಿಗಿಟ್ಟು ತರ್ಕವನ್ನು ಅದು ಕರೆದೊಯ್ದಲ್ಲಿಗೆ ಹಿಂಬಾಲಿಸುವುದು ಪಂಡಿತನ ಲಕ್ಷಣವೆಂದು ಹೇಳುವುದಾದರೆ ರಿಕಾರ್ಡೊನನ್ನು ಪಂಡಿತನೆಂದೇ ಕರೆಯಬೇಕು.

ಈ ಮಾತುಗಳೆಲ್ಲ ಇಂಗ್ಲೆಂಡಿನವು, ಮಲೆನಾಡಿಗೆ ಇವುಗಳಿಂದ ಆಗಬೇಕಾದುದೇನು ಎಂದು ಯಾರಾದರೂ ಕೇಳಬಹುದು. ಆಗಬೇಕಾದುದು ಬಹಳವಿದೆ. ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಗಳಾಗಿ ಭರತಖಂಡಕ್ಕೆ ಬರತಕ್ಕ ತರುಣರನ್ನು ಹೇಲಿಬರಿಯ ಪಾಠಶಾಲೆಯಲ್ಲಿ ಸಿದ್ಧಪಡಿಸುತ್ತಿದ್ದರು. ಅಲ್ಲಿ ಅವರಿಗೆ ಅರ್ಥಶಾಸ್ತ್ರವನ್ನು ಕಲಿಸಿದ ಉಪಾಧ್ಯಾಯನು ಇದೇ ಮಾಲ್ತಸ್; 1805ರಲ್ಲಿ ನೇಮಕವಾದ ಅವನು 1834ರಲ್ಲಿ ಮರಣಹೊಂದುವವರೆಗೂ ಆ ಕೆಲಸದಲ್ಲಿದ್ದನು. ರಿಕಾರ್ಡೊನ ಆಪ್ತನಾದ ಜೇಮ್ಸ್ ಮಿಲ್ 1819ರಲ್ಲಿ ಕಂಪೆನಿಯ ಲಂಡನ್ ಕಚೇರಿಯನ್ನು ಸೇರಿ, ಭೂಮಿಯ ಶುದ್ಧ ಗೇಣಿಯೇ ಸರ್ಕಾರದ ಕಂದಾಯಕ್ಕೆ ತಕ್ಕ ಮೂಲವೆಂದು ಪ್ರತಿಪಾದಿಸಿದನು. ಹೇಲಿಬರಿಯಲ್ಲಿ ಓದಿ ಬಂದ ಪ್ರಿಂಗಲ್ ಎಂಬ ಅಧಿಕಾರಿಯು ಮುಂಬಯಿ ಆಧಿಪತ್ಯದ ದಖ್ಖಣದಲ್ಲಿ ಪ್ರತಿಯೊಂದು ಹೊಲದ ಹುಟ್ಟುವಳಿಯಿಂದ ಬೇಸಾಯದ ವೆಚ್ಚವನ್ನು ಕಳೆದು ಉಳಿದುದರಲ್ಲಿ ನೂರಕ್ಕೆ 55 ಭಾಗವನ್ನು ಕಂದಾಯವೆಂದು ಕಟ್ಟಿದನು. ಪುಸ್ತಕದಲ್ಲಿ ಲೆಕ್ಕವು ಸರಿಯಾಗಿತ್ತು. ಹೊಲದಲ್ಲಿ ಅದು ನಿಲ್ಲಲಿಲ್ಲ. ರಯತರು ಊರು ಬಿಟ್ಟುಹೋದರು. ಆಮೇಲೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬವರು ಶುದ್ಧ ಗೇಣಿಯ ಲೆಕ್ಕವನ್ನು ಬಿಟ್ಟು, ಮಣ್ಣಿನ ತರಗತಿಯನ್ನು ನೋಡಿ, ಜನರು ತಡೆಯಬಲ್ಲಷ್ಟನ್ನು ಅಂದಾಜಿನಿಂದ ಕಟ್ಟುವ ಪದ್ಧತಿಯನ್ನು ತಂದರು. ಮೈಸೂರು ಸೀಮೆಯಲ್ಲಿ 1863ರಿಂದ ನಡೆದ ಭೂಮಾಪನವು ಆ ಮುಂಬಯಿಯ ಪದ್ಧತಿಯನ್ನೇ ಅನುಸರಿಸಿತು.

ಆದರೆ ಮಣ್ಣಿನ ತರಗತಿಯನ್ನು ನೋಡಿ ಪಾಲನ್ನು ಕಟ್ಟುವ ವಿದ್ಯೆಯನ್ನು ಈ ಸೀಮೆಯು ವಿಂಗೇಟನಿಂದ ಕಲಿಯಬೇಕಾಗಿರಲಿಲ್ಲ. ಗಾಂಧಿ ಬಜಾರಿನ ಮುಖದಲ್ಲಿಯೇ ಯಾವ ಅರಸನ ಹೆಸರಿನ ವೃತ್ತವಿದೆಯೋ ಆ ಕೆಳದಿಯ ಶಿವಪ್ಪನಾಯಕನು (ಆಳಿಕೆ 1645-1660) ರಿಕಾರ್ಡೊ ಹುಟ್ಟುವುದಕ್ಕೆ ಒಂದು ಶತಮಾನಕ್ಕೂ ಮುಂಚೆಯೇ ಇದನ್ನು ಮಾಡಿ ಮುಗಿಸಿದ್ದನು. ಬಿ. ಎಲ್. ರೈಸ್ ಮಹಾಶಯರು ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿರುವ ಪ್ರಕಾರ, ಈ ಅರಸನು ಪ್ರತಿಯೊಂದು ಗ್ರಾಮದಲ್ಲಿ ಒಂದೊಂದು ಬಗೆಯ ಭೂಮಿಯನ್ನು ಆರಿಸಿ, ಹನ್ನೆರಡು ವರ್ಷಗಳ ಪರ್ಯಂತ ಅರಮನೆಯ ಲೆಕ್ಕದಲ್ಲಿಯೇ ಬೇಸಾಯ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗಲಿದ ವೆಚ್ಚವೆಷ್ಟು, ಬಂದ ಫಲವೆಷ್ಟು, ಅದರ ಬೆಲೆಯೆಷ್ಟು ಎಂಬುದನ್ನೆಲ್ಲ ಬರೆಯಿಸಿದನು. ಹನ್ನೆರಡು ವರ್ಷದ ಸರಾಸರಿಯನ್ನು ತೆಗೆದು, ಭೂಮಿಯನ್ನು ಐದು ತರಗತಿಗಳಾಗಿ ವಿಂಗಡಿಸಿ, ಹುಟ್ಟುವಳಿಯ ಮೂರನೆಯ ಒಂದು ಪಾಲನ್ನು ಅರಮನೆಗೆ ಎಂದು ಗೊತ್ತುಮಾಡಿದನು. ಅಡಿಕೆಯ ತೋಟಗಳಿಗೆ ಸಾವಿರ ಮರಗಳ ಲೆಕ್ಕದಲ್ಲಿ ತೆರಿಗೆಯಾಯಿತು. ಇದನ್ನೇ ಜನರು ಶಿವಪ್ಪನಾಯಕನ ಶಿಸ್ತು ಎಂದು ಕರೆದರು. ಕನ್ನಡದಲ್ಲಿ ಶಿಸ್ತು ಎಂದರೆ ನಡತೆಯ ಕಟ್ಟುನಿಟ್ಟು ಎಂದಷ್ಟೇ ತಿಳಿದಿರುವ ಇಂದಿನ ವಿದ್ಯಾರ್ಥಿಗಳು ಈ ಅರ್ಥವನ್ನೂ ತಿಳಿದಿರುವುದು ಒಳ್ಳೆಯದು.

ಸ್ಮೃತಿಕಾರರು ಅರಸನಿಗೆ ಸಾಮಾನ್ಯವಾಗಿ ವಿಧಿಸಿದುದು ಷಡ್ಭಾಗ, ಎಂದರೆ ಆರರಲ್ಲಿ ಒಂದು. ಮೂರರಲ್ಲಿ ಒಂದು ಅದರ ಎರಡರಷ್ಟಾಯಿತು. ಹಾಗಿದ್ದರೂ ಶಿಸ್ತನ್ನು ಮಲೆನಾಡಿನ ಜನರು ತಲೆಮಾರುಗಳವರೆಗೆ ಕೊಂಡಾಡಿದುದಕ್ಕೆ ಕಾರಣವೇನು? ಅದು ಗೊತ್ತಾದ ಪಾಲು ಎಂಬುದೇ ಕಾರಣ. ಅಳೆದು, ಬರೆದು, ಮಾತು ಕೊಟ್ಟ ಮೇಲೆ ಹೆಚ್ಚಿನ ಫಲವನ್ನು ತೆಗೆದವನಿಗೆ ಅದು ಅವನದೇ. ಪಾಲು ದೊಡ್ಡದೇ ಚಿಕ್ಕದೇ ಎಂಬುದರಷ್ಟೇ, ಅದು ಗೊತ್ತಾದುದೇ ಗೊತ್ತಿಲ್ಲದುದೇ ಎಂಬುದೂ ಬಡವನಿಗೆ ಮುಖ್ಯ. ರಿಕಾರ್ಡೊನ ಗ್ರಂಥದಲ್ಲಿ ಈ ಅಂಶಕ್ಕೆ ತಕ್ಕಷ್ಟು ಸ್ಥಳವಿಲ್ಲ.

ಗೊತ್ತಿಲ್ಲದ ಪಾಲಿನಿಂದ ಏನಾಗುವುದು ಎಂಬುದಕ್ಕೂ ಈ ಸೀಮೆಯೇ ಉದಾಹರಣೆ. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದ ಮೇಲೆ ಕೆಳದಿಯ ದೊರೆತನವು ಮುಗಿಯಿತು. ಹತ್ತೊಂಬತ್ತನೆಯ ಶತಮಾನದ ಮೂರನೆಯ ದಶಕದ ಹೊತ್ತಿಗೆ ಮೈಸೂರು ಸೀಮೆಯಲ್ಲಿ ಅಮಲ್ದಾರರು ಇಂತಿಷ್ಟು ಹಣವನ್ನು ಕಟ್ಟಿಯೇ ಕಟ್ಟುವೆವೆಂದು ಸರ್ಕಾರಕ್ಕೆ ಷರತ್ತು ಬರೆದುಕೊಟ್ಟು ಕಂದಾಯವನ್ನು ಎತ್ತುವ ಪದ್ಧತಿ ಬೆಳೆದಿತ್ತು. ಷರತ್ತಿನ ಮೊತ್ತವನ್ನು ತುಂಬಬೇಕಾದ ಅಧಿಕಾರಿಯು ರಯತನ ಹೊಲದ ತರಗತಿಯನ್ನು ನೋಡುತ್ತಾನೆಯೇ? 1830ರಲ್ಲಿ ನಗರ ಸೀಮೆಯ ರಯತರು ಕೂಟಗಳಾಗಿ ಸೇರಿದರು. ಕಂದಾಯವನ್ನು ಕೊಡದೆ ನಿಂತರು. ಬೂದಿ ಬಸಪ್ಪನೆಂಬವನು ಕೆಳದಿಯ ಗದ್ದುಗೆಗೆ ತಾನೇ ಹಕ್ಕುದಾರನೆಂದು ಎದ್ದು ನಿಂತು ಆ ಕೋಪಕ್ಕೆ ಒಂದು ಧ್ವಜವನ್ನು ಕೊಟ್ಟನು. ದಂಗೆಯು ಅಡಗಿಸಲ್ಪಟ್ಟಿತು; ಆದರೆ ಅದೇ ನೆಪದಿಂದ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡನು. 1881ರವರೆಗೆ, ಐವತ್ತು ವರ್ಷ, ಅದು ಹಿಂದಕ್ಕೆ ಬರಲಿಲ್ಲ. ಪಾಲಿನ ಪ್ರಶ್ನೆಯನ್ನು ಅಲ್ಪವೆಂದು ತಿಳಿದವರು ಇದನ್ನು ನೆನೆಯಬೇಕು.

ಅದೇ 1831ರಲ್ಲಿ ಇಂಗ್ಲೆಂಡಿನಲ್ಲಿ ರಿಚರ್ಡ್ ಜೋನ್ಸ್ ಎಂಬ ಮತ್ತೊಬ್ಬ ಪಂಡಿತನು ಧನವಿಭಾಗವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಇವನನ್ನು ಇಂದು ಓದುವವರು ವಿರಳ. ಆದರೆ ಮಲೆನಾಡಿನವರಿಗೆ ರಿಕಾರ್ಡೊನಿಗಿಂತ ಇವನೇ ಹತ್ತಿರದವನು. ಬಂಡವಾಳವುಳ್ಳ ಬೇಸಾಯಗಾರನು ಲಾಭದ ಲೆಕ್ಕವನ್ನು ಹಾಕಿ ಭೂಮಿಯನ್ನು ಹಿಡಿಯುವುದು, ಲಾಭ ಸಾಲದಿದ್ದರೆ ಬಿಟ್ಟು ಬೇರೆ ಉದ್ಯೋಗಕ್ಕೆ ಹೋಗುವುದು ಇಂಗ್ಲೆಂಡಿನಂಥ ಸ್ವಲ್ಪ ದೇಶಗಳಲ್ಲಿ ಮಾತ್ರ. ಭೂಮಂಡಲದ ಹೆಚ್ಚಿನ ಭಾಗದಲ್ಲಿ ರೈತನು ಗೇಣಿಗೆ ಒಪ್ಪುವುದು ಲಾಭಕ್ಕಾಗಿ ಅಲ್ಲ, ಭೂಮಿಯನ್ನು ಬಿಟ್ಟರೆ ಅನ್ನಕ್ಕೆ ಬೇರೆ ದಾರಿಯಿಲ್ಲವಾದುದರಿಂದ. ಆದಕಾರಣ ಅಲ್ಲಿ ಗೇಣಿಯನ್ನು ಗೊತ್ತುಮಾಡುವುದು ಮಣ್ಣಿನ ತಾರತಮ್ಯವಲ್ಲ, ರೂಢಿ ಮತ್ತು ಬಲ. ಇದು ಜೋನ್ಸನ ತಾತ್ಪರ್ಯ. ಅರ್ಧ ಪಾಲಿನ ವಾರ, ರಾಜನಿಗೆ ಕೊಡುವ ರಯತ ಗೇಣಿ ಎಂದು ಮೊದಲಾಗಿ ಅವನು ಗೇಣಿಯ ಜಾತಿಗಳನ್ನೇ ವಿಂಗಡಿಸಿದನು. 1835ರಲ್ಲಿ ಮಾಲ್ತಸನ ಪೀಠಕ್ಕೆ ಹೇಲಿಬರಿಯಲ್ಲಿ ಅವನೇ ಬಂದನು.

ಇನ್ನೊಂದು ವಿಷಯದಲ್ಲಿಯೂ ಮಲೆನಾಡು ಈ ಶಾಸ್ತ್ರಕ್ಕೆ ಒಂದು ತಿದ್ದುಪಡಿಯನ್ನು ಬೇಡುತ್ತದೆ. ಮಣ್ಣಿಗೆ ಮೂಲದಲ್ಲಿಯೇ ಇರುವ, ನಾಶವಾಗದ ಶಕ್ತಿಗೆ ಕೊಡುವುದು ಗೇಣಿ, ಮನುಷ್ಯನು ಹೂಡಿದ ಸುಧಾರಣೆಗೆ ಸಿಕ್ಕುವುದು ಲಾಭ ಎಂದು ರಿಕಾರ್ಡೊ ಬೇರ್ಪಡಿಸುತ್ತಾನೆ. ಅಡಿಕೆ ತೋಟದ ಮಣ್ಣಿನಲ್ಲಿ ಮೂಲದ ಶಕ್ತಿ ಎಷ್ಟು? ಮಳೆಗಾಲದ ಹೊಡೆತಕ್ಕೆ ಕೊಚ್ಚಿಹೋಗುವ ಆ ಮಣ್ಣಿಗೆ ಹೊಸ ಮಣ್ಣನ್ನು ಹೊತ್ತು ಹಾಕಬೇಕು. ಸೊಪ್ಪಿನಬೆಟ್ಟದಿಂದ ಹಸಿರು ಸೊಪ್ಪನ್ನೂ ದರಕನ್ನೂ ತಂದು, ಕೊಟ್ಟಿಗೆಯಲ್ಲಿ ಗೊಬ್ಬರ ಮಾಡಿ, ಬುಡಕ್ಕೆ ಹರವಬೇಕು. ಬಸಿಗಾಲುವೆಗಳನ್ನು ಪ್ರತಿವರ್ಷವೂ ತೋಡಬೇಕು. ಒಂದು ತಲೆಮಾರು ಕೈಬಿಟ್ಟರೆ ತೋಟವು ಕಾಡಾಗುವುದು. ಹಾಗಿರುವಾಗ ಆ ನೆಲದ ಸಾರವೆಂಬುದು ಬಹುಪಾಲು ಹೊತ್ತವರ ತಲೆಯ ಮೇಲಿನ ಬುಟ್ಟಿಯಿಂದ ಬಂದುದೇ ಹೊರತು ಹಕ್ಕುಪತ್ರದಿಂದ ಬಂದುದಲ್ಲ. ಕರಾವಳಿಯ ಕನ್ನಡ ಜಿಲ್ಲೆಗಳಲ್ಲಿ ಈ ವಿವೇಕವು ಮೂಲಗೇಣಿ ಎಂಬ ರೂಢಿಯಲ್ಲಿ ಉಳಿದಿತ್ತು. ಮೂಲಗೇಣಿದಾರನ ಗೇಣಿಯು ಶಾಶ್ವತವಾಗಿ ನಿಗದಿಯಾದುದು. ಅವನು ನೆಟ್ಟ ಮರದ ಫಲವು ಅವನಿಗೆ. ಚಾಲಗೇಣಿದಾರನಾದರೋ ಒಡೆಯನ ಇಷ್ಟವಿದ್ದಷ್ಟು ದಿನ ಮಾತ್ರ ನೆಲದಲ್ಲಿ ಇರುವವನು. ಅವನು ತೋಟವನ್ನು ಚೆನ್ನಾಗಿ ಮಾಡಿದಷ್ಟೂ ಮುಂದಿನ ವರ್ಷದ ಗೇಣಿಯನ್ನು ತಾನೇ ಏರಿಸಿಕೊಂಡಂತೆ.

ಇನ್ನು ಕಾಗೋಡಿನ ವಿಷಯ. ಸಾಗರ ತಾಲ್ಲೂಕಿನ ಈ ಊರಿನಲ್ಲಿ 1951ರ ಏಪ್ರಿಲಿನಲ್ಲಿ ಗೇಣಿದಾರರು ಸತ್ಯಾಗ್ರಹವನ್ನು ಹೂಡಿದರು. ಅವರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪನವರು; ಸೋಷಲಿಸ್ಟ್ ಪಕ್ಷದ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು; ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೆ ಒಳಗಾದರು. ಜಗಳದ ಮೂಲವು ಒಂದು ಅಳತೆಯ ಪಾತ್ರೆ, ಕೊಳಗ. ಗೇಣಿಯ ಭತ್ತವನ್ನು ಒಡೆಯರು ಅಳೆದುಕೊಳ್ಳುತ್ತಿದ್ದ ಕೊಳಗವು ಪದ್ಧತಿಯ ಕೊಳಗಕ್ಕಿಂತ ದೊಡ್ಡದೆಂಬುದು ರೈತರ ದೂರು. ಹೊರಗಿನವರಿಗೆ ಇದು ಚಿಲ್ಲರೆಯ ಮಾತಾಗಿ ಕಂಡೀತು. ಲೆಕ್ಕವನ್ನು ಹಾಕಿದರೆ ಹಾಗಲ್ಲ. 20 ಕೊಳಗಕ್ಕೆ ಒಂದು ಖಂಡಗ. ಒಬ್ಬನ ಗೇಣಿಯು 10 ಖಂಡಗವಾದರೆ 200 ಕೊಳಗವಾಯಿತು. ಕೊಳಗಕ್ಕೆ 3 ಸೇರಾದರೆ 600 ಸೇರು. ಎಣಿಕೆಗಾಗಿ ಕೊಳಗವು ಅರ್ಧ ಸೇರಿನಷ್ಟು ದೊಡ್ಡದೆಂದು ಇಟ್ಟರೆ 700 ಸೇರು. ಗೇಣಿಯ ಚೀಟಿಯಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ. 10 ಖಂಡಗ ಎಂದೇ ಇರುತ್ತದೆ. ಕಣದಲ್ಲಿ ಮಾತ್ರ ನೂರು ಸೇರು ಹೆಚ್ಚಾಗಿ ಹೋಗುತ್ತದೆ, ಎಂದರೆ ಗೇಣಿಯ ಆರನೆಯ ಒಂದು ಭಾಗ. ಅರಸನ ಷಡ್ಭಾಗಕ್ಕೆ ಸ್ಮೃತಿಯ ಆಧಾರವಾದರೂ ಇತ್ತು. ಈ ಷಡ್ಭಾಗಕ್ಕೆ ಕೊಳಗದ ಅಂಚೊಂದೇ ಆಧಾರ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಆಡುವುದು ಉಚಿತ. ಆ ಪ್ರಾಂತದ ಗೇಣಿದಾರರಲ್ಲಿ ಹೆಚ್ಚಿನವರು ದೀವರ ಜನ. ಒಡೆಯರ ಪಕ್ಷದಲ್ಲಿ ಬ್ರಾಹ್ಮಣರಿದ್ದಂತೆ ವೀರಶೈವರೂ ಇದ್ದರು. ಮಲೆನಾಡಿನಲ್ಲಿ ದೇವಸ್ಥಾನಗಳೂ ಮಠಮಾನ್ಯಗಳೂ ಇನಾಮು ಭೂಮಿಗಳಿಂದ ಗೇಣಿಯನ್ನು ಪಡೆದೇ ದಾಸೋಹವನ್ನು ನಡೆಯಿಸುತ್ತಿದ್ದವು. ಹಸಿದು ಬಂದವನಿಗೆ ಅನ್ನವನ್ನು ನೀಡುವುದು ಪುಣ್ಯವೇ ಸರಿ. ಆ ಅನ್ನದ ಭತ್ತವು ಯಾವ ಕೊಳಗದಿಂದ ಅಳೆಯಲ್ಪಟ್ಟಿತು ಎಂದು ಕೇಳುವ ಅಧಿಕಾರವು ಬೆಳೆದವನಿಗೆ ಉಂಟು. ಈ ಪರಂಪರೆಯಲ್ಲಿಯೇ ಆಯ್ದಕ್ಕಿ ಮಾರಯ್ಯನ ವೃತ್ತಾಂತವಿದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜೀವಿಸುತ್ತಿದ್ದ ಆ ಶರಣನು ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ, ಅವನ ಹೆಂಡತಿ ಲಕ್ಕಮ್ಮನು ಅಗತ್ಯಕ್ಕೆ ಮೀರಿದುದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿಸಿದಳು. ಈ ಕಥೆಯನ್ನು ಬಡವರಿಗೆ ಸಂತೃಪ್ತಿಯನ್ನು ಬೋಧಿಸಲು ಹೇಳುವುದುಂಟು. ಅದು ಕಥೆಗೆ ಮಾಡುವ ಅನ್ಯಾಯ. ಲಕ್ಕಮ್ಮನು ಪಾಠ ಹೇಳಿದುದು ತನ್ನ ಮನೆಯ ಅಳತೆಗೇ ಹೊರತು ಪರರ ಹಸಿವೆಗಲ್ಲ. ಕೊಳಗವನ್ನು ಹಿಡಿದವರಿಗೆ ಆ ಪಾಠವು ಹೆಚ್ಚಾಗಿ ಸಲ್ಲುತ್ತದೆ.

ಅಭಿಜಾತ ಪರಂಪರೆಯ ಕೊನೆಯ ದೊಡ್ಡ ಹೆಸರು ಜಾನ್ ಸ್ಟುವರ್ಟ್ ಮಿಲ್. ಜೇಮ್ಸ್ ಮಿಲ್ಲನ ಮಗನಾದ ಇವನು 1823ರಿಂದ 1858ರವರೆಗೆ ಅದೇ ಕಂಪೆನಿಯ ಕಚೇರಿಯಲ್ಲಿ ಉದ್ಯೋಗದಲ್ಲಿದ್ದನು. 1848ರ ತನ್ನ ಗ್ರಂಥದಲ್ಲಿ ಇವನು ಒಂದು ಮುಖ್ಯ ಭೇದವನ್ನು ತೋರಿಸಿದನು. ಧನದ ಉತ್ಪತ್ತಿಯ ನಿಯಮಗಳು ಪ್ರಕೃತಿಯವು, ಮನುಷ್ಯನು ಅವುಗಳನ್ನು ಮೀರಲಾರನು. ವಿಭಾಗದ ನಿಯಮಗಳಾದರೋ ಮನುಷ್ಯರು ಮಾಡಿಕೊಂಡ ಕಟ್ಟಳೆಗಳು, ಆದುದರಿಂದ ಮನುಷ್ಯರು ಬದಲಾಯಿಸಬಲ್ಲವು. ಕಾಗೋಡಿನ ಸತ್ಯಾಗ್ರಹಿಗಳಲ್ಲಿ ಮಿಲ್ಲನನ್ನು ಓದಿದವರು ಎಷ್ಟು ಮಂದಿಯೋ. ಅವರು ಹಿಡಿದ ಪಕ್ಷವಂತೂ ಅದೇ. ಸತ್ಯಾಗ್ರಹವು ಆ ಕ್ಷಣಕ್ಕೆ ಗೆಲ್ಲಲಿಲ್ಲ. 1952ರ ಚುನಾವಣೆಯಲ್ಲಿ ಗೋಪಾಲಗೌಡರು ಶಾಸನಸಭೆಗೆ ಆರಿಸಿ ಬಂದರು. 1954 ಮತ್ತು 1955ರ ಕಾಯಿದೆಗಳಿಂದ ಇನಾಮುಗಳು ರದ್ದಾದವು. 1961ರ ಭೂಸುಧಾರಣೆಯ ಕಾಯಿದೆಯು 1965ರಲ್ಲಿ ಜಾರಿಗೆ ಬಂದಿತು. ದೇವರಾಜ ಅರಸರ ಆಡಳಿತದಲ್ಲಿ ತಿದ್ದುಪಡಿಯಾದ ಕಾಯಿದೆಯ ಮೇರೆಗೆ 1974ರ ಮಾರ್ಚ್ 1ನೆಯ ತಾರೀಖಿನಿಂದ ಗೇಣಿಯ ಭೂಮಿಗಳೆಲ್ಲ ಸರ್ಕಾರಕ್ಕೆ ಸೇರಿ, ಉಳುವವನು ಭೂನ್ಯಾಯಮಂಡಳಿಗೆ ಅರ್ಜಿ ಹಾಕಿ ಒಡೆಯನಾಗುವ ಮಾರ್ಗವು ತೆರೆಯಿತು. ಶಿಸ್ತಿನ ತರಗತಿಗಳು ಇಲ್ಲಿಯೂ ಮರಳಿ ಬಂದವು: ಐದು ಜನರ ಕುಟುಂಬಕ್ಕೆ 10 ಯೂನಿಟ್ಟಿನ ಮಿತಿ, ಅದು ಉತ್ತಮ ನೀರಾವರಿಯಲ್ಲಿ 10 ಎಕರೆ, ಕನಿಷ್ಠ ತರಗತಿಯ ಖುಷ್ಕಿಯಲ್ಲಿ 54 ಎಕರೆ. ಕಾಫಿ, ಏಲಕ್ಕಿ ಮೊದಲಾದ ಪ್ಲಾಂಟೇಷನ್ನುಗಳು ಈ ಮಿತಿಯಿಂದ ಹೊರಗುಳಿದವು, ಅಡಿಕೆಗೆ ಆ ವಿನಾಯಿತಿಯಿರಲಿಲ್ಲ. ಘಟ್ಟದ ಒಂದು ಬದಿಯ ತೋಟಕ್ಕೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು ಏಕೆ ಎಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಉತ್ತರವನ್ನು ಹುಡುಕುವುದು ವ್ಯರ್ಥ.

ಗೇಣಿಯ ಕಥೆಯು ಇಷ್ಟಾಯಿತು. ಲಾಭ ಮತ್ತು ಕೂಲಿಯ ಕಥೆಗೆ ಭದ್ರಾವತಿಯ ಕಡೆಗೆ ತಿರುಗಬೇಕು. ಬೆಂಕಿಪುರವೆಂದು ಹೆಸರಿದ್ದ ಆ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಸ್ಥಾಪಿತವಾದ ಮೈಸೂರು ಕಬ್ಬಿಣದ ಕಾರ್ಖಾನೆಯು 1923ರಲ್ಲಿ, ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡಿನ ಕಾಡುಗಳ ಇದ್ದಿಲನ್ನೂ ಬಳಸಿ, ಕೆಲಸವನ್ನು ಆರಂಭಿಸಿತು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಗದ್ದೆಯ ಆಳಿಗೆ ತಿಂಗಳ ಸಂಬಳವೆಂಬುದು ಮೊದಲಿಗೆ ತಿಳಿದುದು ಇಂಥ ಕಡೆಗಳಿಂದ. ಜೋನ್ಸನು ಹೇಳಿದ ಅನಿವಾರ್ಯವು, ಎಂದರೆ ಭೂಮಿಯನ್ನು ಬಿಟ್ಟರೆ ಅನ್ನವಿಲ್ಲವೆಂಬುದು, ಸ್ವಲ್ಪ ಸಡಿಲವಾದುದರಲ್ಲಿ ಕಾರ್ಖಾನೆಯ ಪಾಲೂ ಉಂಟು. ಒಡೆಯನು ಸರ್ಕಾರವೇ ಆದುದರಿಂದ ಲಾಭವು ಒಬ್ಬನ ತಿಜೋರಿಗೆ ಹೋಗಲಿಲ್ಲ. ಆದರೆ ಇಲ್ಲಿಯೂ ಕೂಲಿಯೊಳಗೇ ಎರಡು ತರಗತಿಗಳು ಬೆಳೆದವು: ಖಾಯಂ ನೌಕರರು ಒಂದು, ಗುತ್ತಿಗೆಯ ಕಾರ್ಮಿಕರು ಇನ್ನೊಂದು. ಸ್ಮಿತ್ತನಾಗಲಿ ರಿಕಾರ್ಡೊ ಆಗಲಿ ಒಂದೇ ಕುಲುಮೆಯ ಮುಂದೆ ಒಂದೇ ಕೆಲಸವನ್ನು ಮಾಡುವ ಇಬ್ಬರಿಗೆ ಬೇರೆ ಬೇರೆ ಕೂಲಿಯಾಗುವ ವಿಧಾನವನ್ನು ಕಲ್ಪಿಸಿರಲಿಲ್ಲ. ರಿಕಾರ್ಡೊ ತನ್ನ ಗ್ರಂಥದ 1821ರ ಮೂರನೆಯ ಮುದ್ರಣದಲ್ಲಿ ಹೊಸದಾಗಿ ಒಂದು ಅಧ್ಯಾಯವನ್ನು ಸೇರಿಸಿ, ಯಂತ್ರಗಳಿಂದ ಒಡೆಯನಿಗೆ ಲಾಭವಾಗುವಾಗಲೇ ಕಾರ್ಮಿಕನಿಗೆ ನಷ್ಟವಾಗಬಹುದೆಂದು ತನ್ನ ಹಿಂದಿನ ಮತವನ್ನು ತಾನೇ ತಿದ್ದಿಕೊಂಡನು. ಯಂತ್ರವು ನಿಂತುಹೋದರೆ ಏನಾಗುವುದೆಂದು ಅವನು ಬರೆಯಲಿಲ್ಲ. ಕಾಗದದ ಕಾರ್ಖಾನೆಯು 2015ರ ಸುಮಾರಿಗೆ ನಿಂತಿತು. 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಗಿದ್ದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು 2023ರ ಜನವರಿಯಲ್ಲಿ ಹೊರಬಿದ್ದಾಗ ಧರಣಿ ಕುಳಿತವರು ಗುತ್ತಿಗೆಯ ಕಾರ್ಮಿಕರು. ಖಾಯಂ ನೌಕರನಿಗೆ ಬೇರೊಂದು ಊರಿನ ವರ್ಗಾವಣೆಯಾದರೂ ಉಂಟು. ಅವರಿಗೆ ಅದೂ ಇಲ್ಲ.

ಕೊನೆಯದಾಗಿ ಮಂಡಿಯ ವಿಷಯ. ಅಭಿಜಾತ ಪಂಡಿತರ ಮೂರು ಹೊಳೆಗಳ ನಕ್ಷೆಯಲ್ಲಿ ಅಡಿಕೆ ಮಂಡಿಯ ಸಾಹುಕಾರನು ಸುಲಭವಾಗಿ ಕೂರುವುದಿಲ್ಲ. ಅವನು ಮಳೆಗಾಲದಲ್ಲಿ ಬೆಳೆಗಾರನಿಗೆ ಮುಂಗಡವನ್ನು ಕೊಡುವನು, ಅದು ಸಾಲ. ಫಸಲನ್ನು ತನ್ನ ಮಂಡಿಗೇ ತರಬೇಕೆಂದು ಕಟ್ಟುಮಾಡುವನು, ಅದು ವ್ಯಾಪಾರ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ತರಗತಿಯನ್ನು ತಾನೇ ನಿರ್ಣಯಿಸುವನು, ಅದು ನ್ಯಾಯಾಧಿಕಾರ. ಬಡ್ಡಿ, ಲಾಭ, ತೀರ್ಪು ಮೂರೂ ಒಬ್ಬನ ಗಲ್ಲಾಪೆಟ್ಟಿಗೆಯಲ್ಲಿ ಕೂಡಿದಾಗ ಸಣ್ಣ ಬೆಳೆಗಾರನೂ ಒಂದು ಬಗೆಯ ಗೇಣಿದಾರನೇ ಆಗುತ್ತಾನೆ. ಇದನ್ನು ಕಂಡೇ 1939ರಲ್ಲಿ ಮಲೆನಾಡಿನ ಬೆಳೆಗಾರರು ಅಡಿಕೆ ಮಾರಾಟದ ಸಹಕಾರ ಸಂಘವನ್ನು ಶಿವಮೊಗ್ಗದಲ್ಲಿ ಕಟ್ಟಿದರು. ಮಾಮ್‌ಕೋಸ್ ಎಂಬ ಹೆಸರಿನಿಂದ ಅದು ಮನೆಮಾತಾಗಿದೆ. ತೂಕ, ತರಗತಿ, ಧಾರಣೆ ಇವು ಬಹಿರಂಗವಾದುವು; ಬೆಳೆಗಾರನ ಪಾಲು ಗೊತ್ತಾದ ಪಾಲಾಯಿತು.

ಆದರೆ ಬೆಳೆಗಾರನ ಪಾಲು ಗೊತ್ತಾದಷ್ಟು ಅವನ ಅಂಗಳದಲ್ಲಿ ಕುಳಿತವರ ಪಾಲು ಗೊತ್ತಾಗಿಲ್ಲ. 1974ರ ಕಾನೂನು ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಗೇಣಿಯ ಚೀಟಿಯೇ ಇಲ್ಲದ ಕೂಲಿಯವನಿಗೆ ಯಾವ ಅರ್ಜಿಯನ್ನೂ ಇಟ್ಟಿರಲಿಲ್ಲ. ನಿನ್ನೆಯ ಗೇಣಿದಾರನ ತೋಟದಲ್ಲಿ ಇಂದು ಕೊನೆ ಕೊಯ್ಯಲು ಮರವೇರುವವನೂ, ಚಳಿಗಾಲದ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸರೂ ಆ ಕೂಲಿಯವರೇ. ಮಾರುಕಟ್ಟೆಯಲ್ಲಿ ಧಾರಣೆಯು ಏರಿದ ವರ್ಷ ತೋಟದ ಬೆಲೆ ಏರುವುದು, ರಿಕಾರ್ಡೊ ಹೇಳಿದಂತೆಯೇ. ಸುಲಿತದ ಕೂಲಿಯು ಧಾರಣೆಯ ಜೊತೆಗೆ ಏರುವುದಿಲ್ಲ. ಆಳುಗಳು ಸಿಕ್ಕದಿರುವ ವರ್ಷ ಮಾತ್ರ ಏರುವುದು. ಆ ಕೂಲಿಯನ್ನು ಸುಲಿದ ಅಡಿಕೆಯ ಅಳತೆಯ ಮೇಲೆ ಕೊಡುವ ರೂಢಿಯಿದೆ. ಹಲವು ಕಡೆ ತಕ್ಕಡಿ ಬಂದಿದೆ, ಕೆಲವು ಕಡೆ ಇನ್ನೂ ಡಬ್ಬದ ಲೆಕ್ಕ. ಡಬ್ಬವು ತೋಟದ ಮನೆಯದು. ಅದನ್ನು ತಲೆಕಟ್ಟಿ ತುಂಬಬೇಕೇ, ಅಂಚಿಗೆ ಸಮನಾಗಿ ಸವರಬೇಕೇ ಎಂಬ ಮಾತು ಪ್ರತಿವರ್ಷವೂ ಸುಲಿತದ ಮೊದಲನೆಯ ರಾತ್ರಿ ಏಳುತ್ತದೆ.